ಗುಂಡಿ ಒಂದೇ ಬಾಕಿ

ದರ್ಜಿಗಳು ಹೇಳುವ ಸುಳ್ಳುಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ: "ಆಗೋಯ್ತು, ಗುಂಡಿ ಒಂದೇ ಬಾಕಿ." ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುವುದಿಲ್ಲ. ಕೇಳುವವರಿಗೂ ಅದು ಗೊತ್ತು, ಆದರೂ ನಂಬಿದವರ ಹಾಗೆ ಮುಖ ಮಾಡಿಕೊಂಡು ಹೋಗುತ್ತಾರೆ. ಬೀದಿಯ ಕೊನೆಯ ಅಂಗಡಿಯ ಟೈಲರಮ್ಮ ಮಾತ್ರ ಜನ್ಮದಲ್ಲಿ ಆ ಮಾತು ಆಡಿದವಳಲ್ಲ. ಆಗಿಲ್ಲ ಎಂದರೆ ಆಗಿಲ್ಲ, ಮುಂದಿನ ವಾರ ಬನ್ನಿ. ಇದರಿಂದ ಅವಳಿಗೆ ಗಿರಾಕಿಗಳು ಕಡಿಮೆ, ಜಂಬ ಜಾಸ್ತಿ.

ಅವಳಿಗೆ ತನ್ನವಳು ಅಂತ ಇದ್ದವಳು ತಂಗಿ ಒಬ್ಬಳೇ. ತಾಯಿ ಹೋದ ಮೇಲೆ ತಾನೇ ಸಾಕಿ ಬೆಳೆಸಿದ್ದಳು, ಕರೆಯುತ್ತಿದ್ದುದು ಈಗಲೂ ಪುಟ್ಟಿ ಎಂದೇ. ಪುಟ್ಟಿಗೆ ಮದುವೆಯಾದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತೇ ಇರಲಿಲ್ಲ, ಮಷೀನಿನ ಸದ್ದು ನಿಂತರೆ ಅವಳಿಗೆ ಕೈಕಾಲೇ ಆಡುತ್ತಿರಲಿಲ್ಲ. ವಾರಕ್ಕೊಂದು ಮಧ್ಯಾಹ್ನ ತಂಗಿ ಬರುತ್ತಿದ್ದಳು. ಆ ಒಂದು ಮಧ್ಯಾಹ್ನಕ್ಕಾಗಿ ಅಕ್ಕ ಉಳಿದ ದಿನಗಳನ್ನೆಲ್ಲ ತಳ್ಳುತ್ತಿದ್ದಳು.

ತಂಗಿಯ ಗಂಡ ಬಂಗಾರದಂಥವನು ಎಂದು ಎಲ್ಲರೂ ಹೇಳುತ್ತಿದ್ದರು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ದನಿ ಕೂಡ ಏರಿಸುವುದಿಲ್ಲ. "ಅಕ್ಕಾ, ಅವಳು ಅಲ್ಲಿಂದ ಹೊರಟ ತಕ್ಷಣ ನನಗೊಂದು ಮೆಸೇಜ್ ಹಾಕಿಬಿಡಿ. ಮನೆಗೆ ಬರೋವರೆಗೂ ನನಗೆ ಜೀವದಲ್ಲಿ ಜೀವ ಇರಲ್ಲ," ಎಂದಿದ್ದ. ಟೈಲರಮ್ಮನ ಹೊಟ್ಟೆ ತಣ್ಣಗಾಗಿತ್ತು. ಇಷ್ಟು ಕಾಳಜಿ ಮಾಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ! ಅಂದಿನಿಂದ ತಂಗಿ ಚೀಲ ಎತ್ತಿಕೊಂಡಳೆಂದರೆ ಇವಳು "ಹೊರಟಳು" ಎಂದು ಕಳಿಸುವುದು ತಪ್ಪದೆ ನಡೆಯಿತು.

ತಂಗಿ ಬರುವಾಗ ತನ್ನದೊಂದು ಬಟ್ಟೆ ತರುತ್ತಿದ್ದಳು. ಕತ್ತು ಸ್ವಲ್ಪ ಮೇಲೆ ತಗೋ, ತೋಳು ಸ್ವಲ್ಪ ಉದ್ದ ಮಾಡು. ಆಮೇಲೆ ಜೇಬು ಬಿಚ್ಚು ಎಂದಳು.

"ಜೇಬು ಏನೇ ಮಾಡ್ತು ಪಾಪ?"

"ಅವರಿಗೆ ಇಷ್ಟ ಇಲ್ಲ. ಅದರಲ್ಲಿ ಇಡೋಕೆ ನಿನ್ನ ಹತ್ರ ಏನಿದೆ ಅಂತಾರೆ."

"ಸರಿ ಬಿಡು, ರಾಣಿಯಮ್ಮನಿಗೆ ಜೇಬು ಯಾಕೆ?" ಎಂದು ನಗುನಗುತ್ತಾ ಅಕ್ಕನೇ ಬಿಚ್ಚಿಕೊಟ್ಟಳು. ಪುಟ್ಟಿ ಕೆಲಸ ಬಿಟ್ಟಳು. ಗೆಳತಿಯರು ಒಬ್ಬೊಬ್ಬರಾಗಿ ದೂರವಾದರು. ಟೀ ಅರ್ಧಕ್ಕೇ ಬಿಟ್ಟು ಏಳುವುದು ರೂಢಿಯಾಯಿತು. ಸಂಸಾರವಂದಿಗರ ಪಾಡೇ ಹೀಗೆ ಎಂದುಕೊಂಡಳು ಟೈಲರಮ್ಮ. ಒಂಟಿಯಾಗಿ ಬಾಳಿದವಳಿಗೆ ಸಂಸಾರದ ವಿಷಯದಲ್ಲಿ ಬೇರೆಯವರ ಮಾತೇ ವೇದವಾಗಿಬಿಡುತ್ತದೆ.

ಒಂದು ದಿನ ತಂಗಿ ಚೀಲ ಎತ್ತಿಕೊಂಡಳು, ಅಕ್ಕ ಮೆಸೇಜು ಕಳಿಸಿದಳು. ಅಷ್ಟರಲ್ಲಿ ಮಷೀನಿನ ದಾರ ಹರಿಯಿತು. ಟೈಲರಮ್ಮನಿಗೆ ಕಣ್ಣು ಮಂದ. ಸೂಜಿಗೆ ದಾರ ಪೋಣಿಸುವುದು ಎಂದಿನಿಂದಲೂ ಪುಟ್ಟಿಯ ಕೆಲಸ. ಪುಟ್ಟಿ ಚೀಲ ಕೆಳಗಿಟ್ಟು ಕೂತಳು. ಇನ್ನೊಂದಿಷ್ಟು ಸೂಜಿಗಳಿಗೂ ಪೋಣಿಸಿ ಸೂಜಿದಿಂಬಿಗೆ ಚುಚ್ಚಿಟ್ಟು, ಏನೋ ಹಳೆಯ ಮಾತಿಗೆ ನಕ್ಕು, ಆಮೇಲೆ ಹೋದಳು.

ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರ ಬಂದಾಗ ಮುಖ ಬಾಡಿ ಹೋಗಿತ್ತು.

"ಅಕ್ಕಾ, ನಾನು ಹೊಸ್ತಿಲು ದಾಟಿದ ಮೇಲೆ ಕಳಿಸು. ಮುಂಚೆ ಕಳಿಸಬೇಡ."

"ಯಾಕೆ, ಏನಾಯ್ತು?"

"ನಡುವಿನ ಹೊತ್ತು ಎಲ್ಲಿದ್ದೆ ಅಂತ ಕೇಳಿದರು. ದಾರ ಪೋಣಿಸ್ತಿದ್ದೆ ಅಂದೆ. ನಂಬಲಿಲ್ಲ. ಕೂಗಾಡಲಿಲ್ಲ ಅಕ್ಕಾ, ಮೆತ್ತಗೆ ಅದನ್ನೇ ಕೇಳಿದರು. ಬೆಳಗಾಗೋವರೆಗೂ ಅದನ್ನೇ. ಮಲಗೋಕೆ ಬಿಡಲಿಲ್ಲ."

ಟೈಲರಮ್ಮನಿಗೆ ಹೊಳೆಯಿತು. ಪ್ರೀತಿ ಎಂದುಕೊಂಡು ಇಷ್ಟು ದಿನ ಅವನ ಪರವಾಗಿ ತಂಗಿಗೆ ಕಾವಲು ಕೂತಿದ್ದವಳು ತಾನೇ. ನಾಚಿಕೆಯಾಯಿತು, ನಾಚಿಕೆ ತಡೆಯಲಾರದೆ ಸಿಟ್ಟು ಬಂತು, ಆ ಸಿಟ್ಟು ಎದುರಿಗಿದ್ದ ಬಡಪಾಯಿಯ ಮೇಲೇ ಹೋಯಿತು.

"ಇವತ್ತೇ ಬಿಟ್ಟು ಬಾ! ನಾನು ಹೇಳಿದಷ್ಟು ಕೇಳು. ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

ತಂಗಿ ಅಕ್ಕನ ಮುಖವನ್ನೇ ನೋಡಿದಳು. "ಅವರೂ ಹೀಗೇ ಹೇಳೋದು," ಎಂದಳು. ಎದ್ದು ಹೋದಳು.

ಆಮೇಲೆ ಬರಲೇ ಇಲ್ಲ. ಒಂದು ಕಾಲ ಮುಗಿದು ಇನ್ನೊಂದು ಬಂತು, ಗಿರಾಕಿಗಳು ದಪ್ಪ ಬಟ್ಟೆ ಹೊಲಿಸತೊಡಗಿದರು. ಟೈಲರಮ್ಮ ಆ ಮಧ್ಯಾಹ್ನಗಳಲ್ಲಿ ಎರಡು ಲೋಟ ಟೀ ಮಾಡಿ ಎರಡನ್ನೂ ತಾನೇ ಕುಡಿದಳು. ಒಮ್ಮೆ ಅವರ ಮನೆಯ ತಿರುವಿನವರೆಗೂ ಹೋಗಿ, ತಾನು ಬಾಗಿಲು ಬಡಿದರೆ ಅದರ ಬೆಲೆ ತೆರುವವಳು ಪುಟ್ಟಿ ಎಂದು ಹೊಳೆದು ವಾಪಸು ಬಂದಳು. ಅಷ್ಟು ಒಂಟಿತನವನ್ನು ಅವಳು ತಾಯಿ ಸತ್ತಾಗಲೂ ಕಂಡಿರಲಿಲ್ಲ, ಆಗ ಕಂಕುಳಲ್ಲಿ ಪುಟ್ಟಿ ಇದ್ದಳು. ವಾರವಾರ ಪುಟ್ಟಿಯ ಫೋನಿಗೆ ಒಂದೇ ಮೆಸೇಜು ಕಳಿಸಿದಳು, ಅವನೂ ಓದುತ್ತಾನೆ ಎಂದು ಗೊತ್ತಿದ್ದೇ: "ಅಂಗಡಿ ತೆಗೆದಿರುತ್ತೆ."

ಕೊನೆಗೊಂದು ದಿನ ಪುಟ್ಟಿ ಬಂದಳು. ಗಂಡನ ಕೋಟಿನ ಒಳಗಿನ ಅಸ್ತರು ಬದಲಾಯಿಸಬೇಕಿತ್ತು, ಹಾಗಾಗಿ ಅವನು ಬರಲು ಬಿಟ್ಟಿದ್ದ. ಟೈಲರಮ್ಮನ ಬಾಯಿಗೆ ಬಂದ ಮಾತುಗಳನ್ನು ಎಣಿಸಿದರೆ ಕೋಟಿನ ಹೊಲಿಗೆಗಿಂತ ಜಾಸ್ತಿಯಿದ್ದವು. ಎಲ್ಲವನ್ನೂ ನುಂಗಿಕೊಂಡಳು.

"ನನ್ನಿಂದ ಏನಾಗಬೇಕು, ನೀನೇ ಹೇಳು," ಎಂದಳು.

ಪುಟ್ಟಿ ಲೋಟ ಎತ್ತಿಕೊಂಡಳು. ಅವಳನ್ನು ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. ಆಮೇಲೆ ಟೀ ಪೂರ್ತಿ ಕುಡಿದು, "ಕೋಟು ನಿಧಾನಕ್ಕೆ ಹೊಲಿ. ಮತ್ತೆ, ನಿನ್ನ ಫೋನು ಕೊಡು," ಎಂದಳು.

ಕೋಟಿನ ಕೆಲಸ ಸಾಗಿತು, ಸಾಗುತ್ತಲೇ ಇತ್ತು. ವಾರಕ್ಕೊಮ್ಮೆ ಪುಟ್ಟಿ ಹಿಂದಿನ ಕೋಣೆಯಲ್ಲಿ ಅಕ್ಕನ ಫೋನಿನಿಂದ ಯಾರೋ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಇಂಥ ಮನೆಗಳಿಂದ ಬರುವವರಿಗೆ ಜಾಗ ಕೊಡುವವರಂತೆ, ಅಷ್ಟೇ ಟೈಲರಮ್ಮನಿಗೆ ತಿಳಿದದ್ದು. "ಹೆಚ್ಚು ತಿಳ್ಕೋಬೇಡ ಅಕ್ಕಾ. ನಾನು ಹೋದ ಮೇಲೆ ನಮ್ಮನೆಯವರು ನಿನ್ನ ಹತ್ರ ಬಂದೇ ಬರ್ತಾರೆ. ನಿನ್ನ ಮುಖದಲ್ಲಿ ಸುಳ್ಳು ನಿಲ್ಲಲ್ಲ." ಮಾತು ಕಿವಿಗೆ ಬೀಳದಿರಲೆಂದು ಟೈಲರಮ್ಮ ಬಟ್ಟೆಯಿಲ್ಲದ ಮಷೀನನ್ನು ಸುಮ್ಮನೆ ತುಳಿಯುತ್ತಿದ್ದಳು. ಹೊರಟ ಮೇಲೆ "ಹೊರಟಳು" ಎಂದು ಕಳಿಸುತ್ತಿದ್ದಳು, ಪುಟ್ಟಿ ಹಾಗೆಯೇ ನಡೆಯಲಿ ಎಂದಿದ್ದಳು.

ಹೊರಡುವುದೆಂದು ಗೊತ್ತುಮಾಡಿದ ದಿನ ಪುಟ್ಟಿ ತನ್ನ ಫೋನನ್ನು ಮಷೀನಿನ ಪಕ್ಕ ಇಟ್ಟಳು. ಅದು ಎಲ್ಲಿದೆಯೆಂದು ಈಚೆಗೆ ಅವನು ತನ್ನ ಫೋನಿನಲ್ಲೇ ನೋಡುತ್ತಿದ್ದ; ಫೋನು ಎಲ್ಲಿದೆಯೋ ಹೆಂಡತಿ ಅಲ್ಲೇ ಎಂಬುದು ಅವನ ಲೆಕ್ಕ. ಅಕ್ಕ ಒಳಗಿನಿಂದ ಒಂದು ಹೊಸ ಅಂಗಿ ತಂದುಕೊಟ್ಟಳು, ಎರಡೂ ಕಡೆ ಆಳವಾದ ಜೇಬು. ಪುಟ್ಟಿ ಅದನ್ನು ಹಾಕಿಕೊಂಡು ಜೇಬಿನೊಳಗೆ ಕೈ ಇಳಿಸಿ ಒಂದು ಗಳಿಗೆ ಹಾಗೇ ನಿಂತಳು. ಹಿಂಬಾಗಿಲಿನ ಓಣಿಯಲ್ಲಿ ಗಾಡಿಯೊಂದು ಬಂದು ನಿಂತಿತ್ತು.

"ಅವನನ್ನ ಎಷ್ಟು ಹೊತ್ತು ತಡೀಬೇಕು?"

"ನಿನ್ನಿಂದ ಆದಷ್ಟು."

"ಯಾವಾಗ ಬರ್ತೀಯ?" ಎಂಬುದು ಅಕ್ಕನ ನಾಲಿಗೆಯ ತುದಿಯವರೆಗೂ ಬಂತು. ಕೇಳಲಿಲ್ಲ.

ಪುಟ್ಟಿಯನ್ನು ಹತ್ತಿಸಿಕೊಂಡು ಹೋದ ಗಾಡಿಯ ಸದ್ದು ಅಡಗಿತು. ಸ್ವಲ್ಪ ಹೊತ್ತಿಗೆ ಪುಟ್ಟಿಯ ಫೋನು ಬಡಿದುಕೊಂಡು ನಿಂತಿತು. ಆಮೇಲೆ ಟೈಲರಮ್ಮನದು.

"ಅಕ್ಕಾ, ಹೊರಟಳಾ? ಫೋನು ಎತ್ತುತ್ತಿಲ್ಲ." ಅದೇ ಮೆತ್ತಗಿನ ದನಿ.

 ಟೈಲರಮ್ಮ ಪಕ್ಕದಲ್ಲಿ ಪುಟ್ಟಿ ಕೂರುತ್ತಿದ್ದ ಖಾಲಿ ಸ್ಟೂಲನ್ನು ನೋಡಿದಳು.

"ಎಲ್ಲಿ ಇನ್ನೂ! ಹಿಂದೆ ಲೋಟ ತೊಳೀತಿದ್ದಾಳೆ. ನಾನೇ ಕೂರಿಸಿಕೊಂಡೆ, ನಿಮ್ಮ ಕೋಟು ಇವತ್ತೇ ಕೊಟ್ಟು ಕಳಿಸೋಣ ಅಂತ. ಆಗೋಯ್ತು, ಗುಂಡಿ ಒಂದೇ ಬಾಕಿ."

 "ಸರಿ," ಎಂದ.

ಕೋಟಿನ ಗುಂಡಿಗಳೆಲ್ಲ ಹಾಕಿ ಆಗಿದ್ದವು. ಅವನೇ ಬಂದು ನಿಂತರೂ ಕೈಯಲ್ಲೊಂದು ಕೆಲಸವಿರಲಿ ಎಂದು ಟೈಲರಮ್ಮ ಒಂದನ್ನು ಕತ್ತರಿಸಿ ತೆಗೆದಳು. ಸೂಜಿ, ದಾರ ಹಿಡಿದು ಬೆಳಕಿಗೆ ಎತ್ತಿದಳು. ದಾರ ಸೂಜಿಯ ಕಣ್ಣಿನೊಳಗೆ ಹೋಗಲಿಲ್ಲ. ಎಂಜಲು ಹಚ್ಚಿ ಮತ್ತೆ ಎತ್ತಿದಳು, ಹೋಗಲಿಲ್ಲ. ಅಭ್ಯಾಸಬಲದಿಂದ ಕೈ ಪಕ್ಕದ ಸ್ಟೂಲಿನ ಕಡೆ ಚಾಚಿತು. ಅಲ್ಲಿ ಯಾರೂ ಇರಲಿಲ್ಲ. ಕೈ ಹಿಂದಕ್ಕೆ ತಂದು, ಇನ್ನೊಮ್ಮೆ ಪೋಣಿಸತೊಡಗಿದಳು.