ಕಿವಿ, ಕುಡಗೋಲು, ಟಗರಿನ ಕೋಡು

ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಪಾಸಾಗಬೇಕು. ಇಲ್ಲದಿದ್ದರೆ ಈ ತೋಟದ ವಸತಿಯ ವಯಸ್ಕರ ಶಾಲೆ ಮುಚ್ಚುತ್ತದೆ, ಪಾಟಿ ಪುಸ್ತಕಗಳು ಬೇರೆ ಊರಿನ ಪಾಲಾಗುತ್ತವೆ. ಹಾರೂಗೇರಿಯಿಂದ ಎಂಟು ತಿಂಗಳು ದಿನಾ ಮಧ್ಯಾಹ್ನ ನಡೆದು ಬಂದು ಪಾಠ ಹೇಳಿದ ಸುಗಂಧಾ ಆ ದಿನ ರೊಟ್ಟಿ ಮುಟ್ಟದೆ ಬೆಳಿಗ್ಗೆಯೇ ಬಂದಿದ್ದಳು. ಅದು ತೊಂಬತ್ತೆರಡರ ಬೇಸಿಗೆ.

ಪರೀಕ್ಷೆಗೆಂದು ಚಿಕ್ಕೋಡಿಯಿಂದ ಬಂದಿದ್ದ ದಾದಾಸಾಹೇಬರು ಬೇವಿನ ಮರಕ್ಕೆ ಒರಗಿಸಿದ್ದ ಹಲಗೆಯ ಮೇಲೆ ದೊಡ್ಡದಾಗಿ ‘?’ ಬರೆದರು.

"ಇದಕ್ಕ ಏನಂತಾರ? ಹೇಳ್ರಿ ನೋಡೋಣ."

"ಕಿವಿರೀ," ಎಂದರು ಅಂಗಡಿ ಮನೆಯ ಗಂಗೂಬಾಯಿ. "ಕೆಳಗ ಬಂಗಾರದ ವಾಲಿ ಜೋತಾಡಾಕತ್ತೈತಿ."

"ಎಲ್ಲೀ ಕಿವಿ ಬೇ? ಅದು ಕುಡಗೋಲು," ಎಂದಳು ಲಗಮವ್ವ. "ಕೊಯ್ಯೂವಾಗ ಒಂದ್ ಕಾಳು ಉದುರೇತಿ, ಅಷ್ಟ."

ಕುರಿ ಕಾಯುವ ಕೆಂಪವ್ವ ಸೆರಗು ಸರಿಮಾಡಿಕೊಂಡು, "ಟಗರಿನ ಕೋಡ್ರೀ ಸಾಹೇಬ್ರ. ಕೆಳಗಿರೂದು ಹಿಕ್ಕಿ," ಎಂದಳು.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ದಾದಾಸಾಹೇಬರು ನಗಲಿಲ್ಲ. "ಪ್ರಶ್ನಾರ್ಥಕ ಚಿಹ್ನೆ ಅನ್ನಬೇಕು. ಇದನ್ನೂ ಕಲಿಸಿಲ್ಲೇನವ್ವಾ?" ಎಂದು ಸುಗಂಧಾಳ ಕಡೆ ತಿರುಗಿದರು.

ಅವಳು ಕಲಿಸಿದ್ದಳು. ಆದರೆ ಬಿ.ಎಸ್ಸಿ. ಓದುವಾಗ ಅವಳ ಸಸ್ಯಶಾಸ್ತ್ರದ ಗುರುಗಳು ಎಲೆಯೊಂದನ್ನು ಕೈಗಿಟ್ಟು, ಹೆಸರು ಆಮೇಲೆ, ಮೊದಲು ಕಂಡದ್ದನ್ನು ಹೇಳಿ ಎನ್ನುತ್ತಿದ್ದರು. ಅದೇ ರೂಢಿ ಇಲ್ಲಿಗೂ ಬಂದಿತ್ತು. ಹೆಂಗಸರು ಕಂಡದ್ದನ್ನು ಹೇಳಿದರು; ಆ ಹೆಸರುಗಳೇ ಉಳಿದವು. ತಾನು ತಪ್ಪು ಮಾಡಿದೆನೇನೋ ಎಂದು ಅವಳಿಗೆ ಅನ್ನಿಸಿತು.

ಓದಿಸುವ ಪರೀಕ್ಷೆ ಶುರುವಾಯಿತು. ಒಬ್ಬೊಬ್ಬರೇ ಬಂದು, ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು, ಮಗ್ಗಿ ಒಪ್ಪಿಸುವ ಹಾಗೆ ಒಂದೇ ರಾಗದಲ್ಲಿ ಓದಿದರು. ಒಂಬತ್ತು ಮಂದಿ ಪಾಸಾದರು, ಇಬ್ಬರು ತಡವರಿಸಿ ಬಿಟ್ಟರು. ಉಳಿದವಳು ಕೆಂಪವ್ವ ಒಬ್ಬಳೇ.

ಅವಳು ಹಾಳೆ ಹಿಡಿದಳು. ಬೆರಳು ಸಾಲಿನ ಮೊದಲಿಗೆ ಹೋಗಲಿಲ್ಲ, ಕೊನೆಗೆ ಹೋಯಿತು. ಅಲ್ಲಿ ತಡೆದು, ಮೆಲ್ಲಗೆ ಹಿಂದಕ್ಕೆ ಸರಿಯಿತು.

"ಓದೂದು ಯಾವ ಕಡೆಯಿಂದ ಅನ್ನೂದ ಗೊತ್ತಿಲ್ಲ ಈಕಿಗೆ," ಎಂದು ದಾದಾಸಾಹೇಬರು ಪೆನ್ನು ತೆರೆದರು.

"ಒಂದ್ ಗಳಿಗಿ ತಡೀರಿ ಸರ್," ಎಂದಳು ಸುಗಂಧಾ. ಅವಳ ದನಿ ತುಸು ಗಟ್ಟಿಯಾಗಿಯೇ ಬಂತು. "ಹಂಗ ಯಾಕ ನೋಡಾಕತ್ತೀರಿ ಅಂತ ಅವರನ್ನ ಕೇಳ್ರಿ."

ಕೆಂಪವ್ವ ತಲೆಯೆತ್ತಿದಳು. "ಟಗರಿನ ಕೋಡು ಎಲ್ಲೈತಿ ಅಂತ ನೋಡಾಕತ್ತಿದ್ನಿರೀ. ಹಟ್ಟಿ ಬಾಗಲಾ ತೆಗಿಯೂದಕ್ಕೂ ಮದಲ ಟಗರು ಯಾವ ಕಡೆ ಮಾರಿ ಮಾಡೇತಿ ನೋಡ್ತೀವಿ. ಹಿಂಡು ಅದರ ಹಿಂದ ಹೋಗತೈತಿ. ಸುಮ್ನ ಬಾಗಲಾ ತೆಗದ್ರ ಕುರಿ ಬ್ಯಾರೇದವರ ಹೊಲಕ್ಕ ನುಗ್ತಾವು. ಈಗ ನೋಡೇನಿ, ಓದ್ಲಿ?"

ಅವರು ಪೆನ್ನು ಹಿಡಿದೇ ತಲೆಯಾಡಿಸಿದರು. ಕೆಂಪವ್ವ ಓದಿದಳು:

"ಮಳೆ ಬಂತು? ಬಂತು. ಬಿತ್ತನೆ ಆಯಿತು? ಇಲ್ಲ. ಎತ್ತು ಇಲ್ಲ."

ಮೊದಲ ‘ಬಂತು’ ಮೇಲೇರಿ ನಿಂತಿತು, ಎರಡನೆಯದು ನೆಲಕ್ಕಿಳಿಯಿತು. ಬೇಲಿಯಾಚೆಯಿಂದ ಒಬ್ಬರು ಕೇಳಿ ಈಚೆಯಿಂದ ಒಬ್ಬರು ಉತ್ತರ ಕೊಟ್ಟಂತಿತ್ತು. ಬಾವಿಕಟ್ಟೆಯ ಹತ್ತಿರ ಹಗ್ಗ ಸುತ್ತುತ್ತಿದ್ದ ಭೀಮಸಿ, ತನ್ನ ಜೊತೆಗೇ ಮಾತಾಡಿದರೆಂದುಕೊಂಡು, "ಯಾರ ಎತ್ತು ಬೇ?" ಎಂದು ಕೂಗಿದ.

ದಾದಾಸಾಹೇಬರು ಈಗ ನಕ್ಕರು; ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಇಪ್ಪತ್ತು ವರ್ಷ ಪರೀಕ್ಷಾ ತಗೊಂಡೇನಿ. ಓದಿದ್ದಕ್ಕ ಬಾವಿಕಟ್ಟಿಯಿಂದ ಉತ್ತರ ಬಂದಿದ್ದು ಇವತ್ತ ಮದಲ," ಎಂದು ಹತ್ತನೆಯ ಹೆಸರಿನ ಮುಂದೆ ಪಾಸ್ ಎಂದು ಬರೆದರು. ಆಮೇಲೆ ಹಾಳೆ ಮುಂದೆ ಮಾಡಿ, "ಸ್ವಂತದ್ದು ಒಂದು ವಾಕ್ಯ ಬರೀರಿ ಯವ್ವಾ," ಎಂದರು.

ಕೆಂಪವ್ವ ಬಾಗಿ, ನಾಲಗೆ ಕಚ್ಚಿಕೊಂಡು, ಬಹಳ ಹೊತ್ತು ಬರೆದಳು: ‘ಎರಡನೇ ಪುಸ್ತಕ ಯಾವಾಗ ತರುತ್ತೀರಿ?’

ದಾದಾಸಾಹೇಬರು ಓದಿ, ಅದರ ಕೆಳಗೆ ಒಂದು ಸಾಲು ಬರೆದು ಸಹಿ ಮಾಡಿದರು. ಹನ್ನೊಂದು ಹೆಂಗಸರು ಕೆಂಪವ್ವನ ಹೆಗಲ ಮೇಲೆ ಮುಗಿಬಿದ್ದರು. ಸುಗಂಧಾ ಅದನ್ನು ಓದಿ ಹೇಳಲು ಮುಂದೆ ಬಂದಳು. ಕೆಂಪವ್ವ ಕೈ ಅಡ್ಡ ಹಿಡಿದಳು.

"ನೀವು ಸುಮ್ನ ಕುಂದರ್ರಿ ಅಕ್ಕೋರ. ನಾ ಓದ್ತೀನಿ."

ವಸತಿಗೆಲ್ಲ ಕೇಳುವ ಹಾಗೆ ಓದಿದಳು: "ಬರುವ ಸೋಮವಾರ. ಹನ್ನೆರಡು ಪ್ರತಿ."