ಸ್ಟೀರಿಂಗ್ ಮೇಲಿನ ಬೆರಳು

ಪೋರ್ಟ್ ಟ್ರೆವಿನ್ ಊರಿನ ಶಾಲೆಯ ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿದ ಮರ್ಲ್ ಪ್ಯಾಸ್ಕೋ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಅಂಥವಳು ಅಡಿಲೇಡಿನ ಚಿತ್ರಮಂದಿರವೊಂದರಲ್ಲಿ, ಮುನ್ನೂರು ಜನರ ನಡುವೆ ಮುದುಡಿ ಕೂತಿದ್ದಳು. ಪರದೆಯ ಮೇಲೆ ಕೊಲೆಗಾರನೊಬ್ಬ ಹಿಂದೆ ಸಾಮಾನು ಹೇರುವ ಬಿಳಿ ಯೂಟ್ ಗಾಡಿಯನ್ನು ಧೂಳೆಬ್ಬಿಸಿಕೊಂಡು ಓಡಿಸುತ್ತಿದ್ದ. ಹಿಂದೆ ಪತ್ತೇದಾರ, ಎದುರಿಗೆ ಬಾರ್ಲಿ ತುಂಬಿದ ಲಾರಿ. ಇನ್ನೇನು ಡಿಕ್ಕಿ ಹೊಡೆಯಬೇಕು ಅನ್ನುವಷ್ಟರಲ್ಲಿ ಕೊಲೆಗಾರನ ಕೈಗವಸಿನ ತೋರುಬೆರಳು ಸ್ಟೀರಿಂಗಿನಿಂದ ಮೆಲ್ಲಗೆ ಮೇಲೆದ್ದಿತು. ಲಾರಿಯವನ ಕ್ಷೇಮ ವಿಚಾರಿಸುವಂತೆ ಒಂದು ಕ್ಷಣ ನಿಂತು, ಮತ್ತೆ ಕೆಳಗಿಳಿಯಿತು.

ಮಂದಿರಕ್ಕೆ ಮಂದಿರವೇ ಘೊಳ್ಳೆಂದು ನಕ್ಕಿತು.

ಆ ಬೆರಳು ಮರ್ಲ್‌ಳದು. ಅವಳು ಚೀಲ ಎತ್ತಿಕೊಂಡು ಹೊರಗೆ ಹೋಗಿ, ಸಿನಿಮಾ ಮುಗಿಯುವವರೆಗೂ ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಳು.

ಸಿನಿಮಾದ ಹೆಸರು ‘ಜೆಟ್ಟಿಯ ಕೊನೆ’. ತೆಗೆದವಳು ರೋವೆನಾ ಟ್ರೆಜೈಸ್, ಬಾರ್ಲಿ ಬೆಳೆಯುವವರ ಮನೆಯ ಹುಡುಗಿ. ಹತ್ತು ವರ್ಷ ಮರ್ಲ್‌ಳ ಬಸ್ಸಿನಲ್ಲಿ ಮೂರನೇ ಸೀಟಿನಲ್ಲಿ ಕೂತು ಕಿಟಕಿಯಾಚೆ ಕಣ್ಣು ನೆಟ್ಟು ಹೋಗುತ್ತಿದ್ದವಳು. ಕೈಯಲ್ಲಿ ಕಾಸಿಲ್ಲದೆ ಸಿನಿಮಾಕ್ಕೆ ಕೈಹಾಕಿದ್ದರಿಂದ ಇಡೀ ಊರನ್ನೇ ಕೆಲಸಕ್ಕೆ ಎಳೆದಿದ್ದಳು. ಕಡಲಿಗೆ ಚಾಚಿದ ಹಡಗುಕಟ್ಟೆಯಾದ ಜೆಟ್ಟಿಯ ಕೆಳಗೆ ಧಾನ್ಯದ ವ್ಯಾಪಾರಿಯೊಬ್ಬನ ಹೆಣ ಸಿಗುತ್ತದೆ, ಅಡಿಲೇಡಿನಿಂದ ಪತ್ತೇದಾರ ಬರುತ್ತಾನೆ, ಪಟ್ಟಣದಿಂದ ಬಂದ ಯಾವನೋ ಗೂಂಡಾ ಈ ಕೊಲೆ ಮಾಡಿದ್ದಾನೆಂದು ಎಲ್ಲರೂ ನಂಬುತ್ತಾರೆ. ಊರಿನವರಿಗೆ ಗೊತ್ತಿದ್ದದ್ದು ಇಷ್ಟೇ. ಕೊನೆಯ ದೃಶ್ಯಗಳನ್ನು ರೋವೆನಾ ಬಾಗಿಲು ಹಾಕಿಕೊಂಡು ತೆಗೆದಿದ್ದಳು.

ಗಾಡಿ ಓಡಿಸುವ ಸಾಹಸದವರನ್ನು ಕರೆಸಲು ಗತಿಯಿಲ್ಲದೆ ಕೊಲೆಗಾರನ ಪಾತ್ರಧಾರಿಯ ಬದಲಿಗೆ ಮರ್ಲ್‌ಳನ್ನು ಕೂರಿಸಿದ್ದಳು. ಗಂಡಸರ ಕೈಗವಸು, ಹಳೇ ಟೋಪಿ, ಮುಖ ಕಾಣುವಂತಿಲ್ಲ. ಎದುರಿನ ಲಾರಿ ಕ್ಲಾರಿ ನ್ಯಾನ್‌ಕಿವೆಲ್ ಎಂಬ ಮುದುಕನದು. ಮರ್ಲ್ ಹುಲಿಯಂತೆ ಓಡಿಸಿದಳು. ಆದರೆ ಆ ಕಡೆಯ ರಸ್ತೆಗಳಲ್ಲಿ ಎದುರಾದ ಗಾಡಿಗೆ ಒಂದು ಬೆರಳು ಎತ್ತದೆ ಹೋಗುವ ಪದ್ಧತಿಯೇ ಇಲ್ಲ. ಎತ್ತದೆ ಹೋದವನು ಪಟ್ಟಣದವನು, ಇಲ್ಲವೇ ಅವನ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದೇ ಲೆಕ್ಕ. ನಲವತ್ತು ವರ್ಷ ಕ್ಲಾರಿಯ ಲಾರಿಗೆ ಎದ್ದ ಬೆರಳು ಆವತ್ತೂ ತನ್ನ ಪಾಡಿಗೆ ತಾನು ಎದ್ದಿತ್ತು. ತಪ್ಪಾಯಿತೆಂದು ಮರ್ಲ್ ಹಣೆ ಚಚ್ಚಿಕೊಂಡು ಇನ್ನೊಮ್ಮೆ ಓಡಿಸಿದ್ದಳು, ಬೆರಳುಗಳನ್ನು ಸ್ಟೀರಿಂಗಿಗೆ ಬಿಗಿಹಿಡಿದು. ಆ ಎರಡನೆಯದೇ ಸಿನಿಮಾದಲ್ಲಿದೆ ಎಂದುಕೊಂಡು ಅಡಿಲೇಡಿಗೆ ಹೊಸ ಕೋಟು ಹಾಕಿಕೊಂಡು ಹೋಗಿದ್ದಳು, ಪಾಪ.

ಪತ್ರಿಕೆಗಳು ಬಂದವು. ಒಂದು, ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಧೈರ್ಯ ಯಾರು ಮಾಡಿದ್ದಾರೆ ಎಂದು ಬೆನ್ನು ತಟ್ಟಿತು. ಇನ್ನೊಂದು, ಕಡಲನ್ನು ಇಷ್ಟು ಚೆನ್ನಾಗಿ ತೋರಿಸಿದವಳು ಮಾತು ಬರೆಯುವುದನ್ನೂ ಕಲಿಯಬಹುದಿತ್ತು ಎಂದಿತು. ಮೆಲ್ಬರ್ನಿನ ಮಹಾಶಯನೊಬ್ಬ ಐದರಲ್ಲಿ ಎರಡು ನಕ್ಷತ್ರ ಕೊಟ್ಟು, ‘ಓಡಿಹೋಗುತ್ತಿರುವ ಕೊಲೆಗಾರ ಎದುರಿನ ಲಾರಿಗೆ ನಮಸ್ಕಾರ ಹೇಳುವ ಜಗತ್ತಿನ ಮೊದಲ ಸಿನಿಮಾ’ ಎಂದು ಬರೆದ. ಪಟ್ಟಣದ ಬೀದಿಯ ಹೊರಗೆ ಗಾಡಿ ಓಡಿಸಿ ಗೊತ್ತಿಲ್ಲದವನಿಗೆ ಪೆನ್ನು ಕೊಟ್ಟರೆ ಹೀಗೆಯೇ. ಮರ್ಲ್ ಆ ಸಾಲನ್ನು ಓದಿ, ಪತ್ರಿಕೆ ಮಡಚಿ ಒಲೆಗೆ ಹಾಕಿದಳು.

ಅವಳ ಗಂಡ ಐವರ್ ಚಹಾ ಕುಡಿಯುತ್ತ ಹೇಳಿದ, “ಒಂದೇ ಬೆರಳಿಗೆ ಇಷ್ಟು ಹೆಸರು ಬಂತಲ್ಲೇ. ಎರಡೆತ್ತಿದ್ರೆ ಪ್ರಧಾನಮಂತ್ರಿನೇ ಫೋನ್ ಮಾಡ್ತಿದ್ನೇನೋ.”

“ನಗಬೇಡ ನೀನು. ಆ ಹುಡುಗೀದು ಮೂರು ವರ್ಷದ ಬೆವರು ಕಣೋ ಅದು. ನಾನು ಮಣ್ಣುಪಾಲು ಮಾಡ್ದೆ.”

ಐವರ್ ಅವಳ ಬಟ್ಟಲಿಗೂ ಚಹಾ ಬಗ್ಗಿಸಿದ.

ಗುರುವಾರ ರೋವೆನಾ ಮನೆಗೆ ಬಂದಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಬಿಸ್ಕತ್ತನ್ನು ಚಹಾಕ್ಕೆ ಅದ್ದಿದವಳು ಅದು ಕರಗಿ ಬಿದ್ದರೂ ನೋಡಲಿಲ್ಲ. ಸಿಡ್ನಿಯ ಸಿನಿಮಾ ವಿತರಕನೊಬ್ಬ ಫೋನ್ ಮಾಡಿದ್ದನಂತೆ. ನಲವತ್ತು ಚಿತ್ರಮಂದಿರಗಳಿಗೆ ಸಿನಿಮಾ ಹಾಕುತ್ತಾನಂತೆ, ಆ ಬೆರಳನ್ನು ತೆಗೆದರೆ. ಇಲ್ಲವಾದರೆ ಅವನಿಗೆ ಬೇಡ. ಸೋಮವಾರದೊಳಗೆ ಉತ್ತರ ಬೇಕಂತೆ.

“ಇದರಲ್ಲಿ ಯೋಚನೆ ಮಾಡೋಕೆ ಏನಿದೆ?” ಎಂದಳು ಮರ್ಲ್. “ಎರಡನೇ ಸಲ ಚೆನ್ನಾಗೇ ಓಡಿಸಿದ್ನಲ್ಲ. ಅದನ್ನ ಹಾಕು.”

“ಎರಡನೇದು ಸುಳ್ಳು ಅನ್ಸುತ್ತೆ, ಮಿಸೆಸ್ ಪ್ಯಾಸ್ಕೋ.” ಮೂವತ್ತು ತುಂಬಿದರೂ ರೋವೆನಾಳ ಬಾಯಲ್ಲಿ ‘ಮರ್ಲ್’ ಬರುತ್ತಿರಲಿಲ್ಲ.

“ಸಿನಿಮಾ ಅಂದ್ಮೇಲೆ ಸುಳ್ಳಲ್ದೆ ಇನ್ನೇನೇ? ನನ್ನ ಮರ್ಯಾದೆ ಹೋದ್ರೆ ಹೋಗ್ಲಿ, ನಿನ್ನ ಸಿನಿಮಾ ಯಾಕೆ ಹಾಳಾಗ್ಬೇಕು? ಕತ್ತರಿಸಿ ಬಿಸಾಕು.”

ರೋವೆನಾ ಬಟ್ಟಲಿನಲ್ಲಿ ಕರಗಿದ ಬಿಸ್ಕತ್ತನ್ನು ಚಮಚದಿಂದ ಎತ್ತಿದಳು. “ಶನಿವಾರ ಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ತೋರಿಸ್ತಿದೀನಲ್ಲ. ನಮ್ಮೂರೋರು ಅಲ್ಲಿ ನಕ್ರೆ ಕತ್ತರಿಸ್ತೀನಿ. ಆಣೆ.”

ಮರ್ಲ್‌ಗೆ ಅಲ್ಲಿಗೇ ವಿಷಯ ತೀರ್ಮಾನವಾದಂತಾಯಿತು. ಊರಿನವರು ನಗದೆ ಇರುತ್ತಾರೆಯೇ? ತನ್ನದೇ ಕಾಲು ಮುರಿದುಕೊಂಡಾಗಲೂ ಬಿದ್ದು ಬಿದ್ದು ನಕ್ಕವನು ಕ್ಲಾರಿ. ನಕ್ಕರೆ ಸಿನಿಮಾ ಉಳಿಯುತ್ತದೆ, ಒಳ್ಳೆಯದೇ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಆದರೆ ತನ್ನವರೇ ನಗುವುದನ್ನು ಕೂತು ಕೇಳಬೇಕಲ್ಲ.

ಶನಿವಾರ ಹಾಲ್‌ನ ಕಿಟಕಿಗಳಿಗೆಲ್ಲ ಧಾನ್ಯದ ರಾಶಿಗೆ ಹೊದಿಸುವ ಟಾರ್ಪಾಲು ಕಟ್ಟಿದರು. ಹೆಂಗಸರು ಒಂದೊಂದು ತಟ್ಟೆ ತಿಂಡಿ ತಂದು ಉದ್ದನೆಯ ಮೇಜಿನ ಮೇಲೆ ಇಟ್ಟು ಮೇಲೆ ಬಟ್ಟೆ ಮುಚ್ಚಿದರು. ಮರ್ಲ್ ತಂದ, ಕಡುಬಿನಂತೆ ಮಾಂಸ ತುಂಬಿ ಬೇಯಿಸಿದ ಪೇಸ್ಟಿಗಳ ಅಂಚು ಕರಕಲಾಗಿತ್ತು. ಮೂವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಎದ್ದು ಹೋಗಲು ಅನುಕೂಲವಾಗಲಿ ಎಂದು ಅವಳು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿ ಹಿಡಿದಳು. ಐವರ್ ಪಕ್ಕದಲ್ಲಿ ಕೂತು ಅವಳ ಕೋಟಿನ ತೋಳು ಹಿಡಿದುಕೊಂಡ.

ಸಿನಿಮಾ ಶುರುವಾದದ್ದೇ ತಡ, ನಗುವೋ ನಗು. “ಅದು ನಮ್ಮ ನಾಯಿ ಕಣ್ರೋ!” “ನೋಡು ನೋಡು, ಬೇಕರಿಯವನು ಹೊಟ್ಟೆ ಒಳಗೆಳ್ಕೊಂಡವ್ನೆ!” “ಹೆಣಾನೂ ಅವನಿಗಿಂತ ಚೆನ್ನಾಗಿ ಆ್ಯಕ್ಟಿಂಗ್ ಮಾಡ್ತಿದೆ!” ಹೆಣ ಹೊತ್ತ ದೃಶ್ಯದಲ್ಲೂ ನಕ್ಕರು, ಪತ್ತೇದಾರ ಜಾರಿ ಬಿದ್ದಾಗಲೂ ನಕ್ಕರು. ಪ್ರತಿ ನಗುವಿಗೂ ಮರ್ಲ್ ಬಾಗಿಲ ಕಡೆಗೊಮ್ಮೆ ನೋಡುತ್ತಿದ್ದಳು. ರೋವೆನಾ ಪ್ರೊಜೆಕ್ಟರಿನ ಪಕ್ಕ ನಿಂತಿದ್ದಳು, ಪರದೆಯ ಕಡೆಗಲ್ಲ, ಜನರ ಕಡೆಗೆ ಮುಖ ಮಾಡಿಕೊಂಡು.

ಬಿಳಿ ಯೂಟ್ ಬಂತು. ಧೂಳು ಬಂತು. ಎದುರಿನಿಂದ ಲಾರಿ ಬಂತು. ಮರ್ಲ್ ಕಣ್ಣು ಮುಚ್ಚಿ ಕಾದಳು.

ಏನೂ ಕೇಳಲಿಲ್ಲ. ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಒಂದು ಕೆಮ್ಮೂ ಇಲ್ಲ. ಅವಳು ಕಣ್ಣು ಬಿಟ್ಟಾಗ ಮುಂದಿನ ಸಾಲಿನ ಮುದುಕಿಯ ತೋರುಬೆರಳು ಅವಳ ಮಂಡಿಯ ಮೇಲಿಂದ ಮೇಲೆದ್ದಿತ್ತು. ಅವಳಾಚೆ ಕೂತವನದೂ ಎದ್ದಿತ್ತು. ಕುರ್ಚಿಯ ಬೆನ್ನಿನ ಮೇಲೆ, ಮಡಿಲಲ್ಲಿದ್ದ ಟೋಪಿಯ ಮೇಲೆ, ಮಲಗಿದ ಕೂಸಿನ ಬೆನ್ನಿನ ಮೇಲೆ, ಹಾಲ್‌ನ ಉದ್ದಕ್ಕೂ ಬೆರಳುಗಳು ಎದ್ದಿದ್ದವು. ಯಾರಿಗೂ ತಾವು ಎತ್ತಿದ್ದೇವೆಂಬ ಪರಿವೆಯೇ ಇರಲಿಲ್ಲ. ರಸ್ತೆಯಲ್ಲಿ ಎದುರಾದವರಿಗೆ ಉತ್ತರ ಕೊಟ್ಟಂತೆ ಕೊಟ್ಟಿದ್ದರು, ಅಷ್ಟೇ.

ಆಮೇಲೆ ಕ್ಲಾರಿ ಧಡಕ್ಕನೆ ಎದ್ದು ನಿಂತ. ಅವನ ಕುರ್ಚಿ ಹಿಂದಕ್ಕೆ ಬಿತ್ತು.

“ಅಯ್ಯಯ್ಯೋ! ಅವನು ಪಟ್ಟಣದವನಲ್ಲ ಕಣ್ರೋ! ನಮ್ಮೂರವನು! ಕೊಂದಿರೋನು ನಮ್ಮೂರವನೇ!”

ಯಾರೋ ಹೆಂಗಸು “ದೇವರೇ” ಎಂದಳು. ಪರದೆಯ ಮೇಲಿನ ಪತ್ತೇದಾರ ಇನ್ನೂ ಅಡಿಲೇಡಿನ ಗೂಂಡಾಗಳ ಪಟ್ಟಿ ಹಿಡಿದು ಒದ್ದಾಡುತ್ತಿದ್ದ. ಅವನಿಗೆ ಅರ್ಧ ಗಂಟೆ ಬೇಕಾದದ್ದು ಪೋರ್ಟ್ ಟ್ರೆವಿನ್‌ಗೆ ಒಂದೇ ಬೆರಳಿನಲ್ಲಿ ಗೊತ್ತಾಗಿಹೋಗಿತ್ತು. ಅಲ್ಲಿಂದ ಮುಂದೆ ಒಬ್ಬರೂ ನಗಲಿಲ್ಲ. ಪರದೆಯ ಮೇಲೆ ಊರಿನ ಯಾವನೇ ಬಂದು ನಿಂತರೂ ಜನ ಅವನ ಕೈಗಳನ್ನೇ ದಿಟ್ಟಿಸಿದರು. ಕೊನೆಗೆ ಸಿನಿಮಾದುದ್ದಕ್ಕೂ ಎಲ್ಲರಿಗೂ ಕಾಗದ ಕೊಡುತ್ತಿದ್ದ ನಗುಮುಖದ ಅಂಚೆ ಮಾಸ್ತರನೇ ಕೊಲೆಗಾರ ಎಂದಾಗ ಕ್ಲಾರಿ ಸುತ್ತ ನೋಡಿ, “ನಾನು ಹೇಳ್ಲಿಲ್ವಾ?” ಎಂದು ಎದೆಯುಬ್ಬಿಸಿದ, ಕೇಸನ್ನು ತಾನೇ ಭೇದಿಸಿದವನಂತೆ.

ದೀಪ ಹಾಕಿ ಬಟ್ಟೆ ಸರಿಸಿ ತಿಂಡಿಗೆ ಮುತ್ತಿಗೆ ಹಾಕುವಾಗ ಮರ್ಲ್ ಚಹಾದ ಹಂಡೆಯ ಹತ್ತಿರ ರೋವೆನಾಳ ಕೈ ಹಿಡಿದು ಎಳೆದಳು.

“ನಿನಗೆ ಗೊತ್ತಿತ್ತು ಅಲ್ವೇನೇ?”

“ಎಡಿಟಿಂಗ್ ಮಾಡುವಾಗ ಪರದೆ ಮೇಲೆ ನೀವು ಬೆರಳೆತ್ತಿದ್ರಿ, ಮಿಸೆಸ್ ಪ್ಯಾಸ್ಕೋ. ನೋಡಿದ್ರೆ ನನ್ನ ಬೆರಳೂ ಎದ್ದಿತ್ತು. ನಾನು ಬರೆದಿದ್ದಕ್ಕಿಂತ ಒಳ್ಳೇ ಸುಳಿವು ಅದು.”

“ಮತ್ತೆ ಹೇಳೋಕೇನಾಗಿತ್ತು? ಎರಡು ವಾರದಿಂದ ಅನ್ನ ಸೇರಿಲ್ಲ ನನಗೆ.”

“ಹೇಳಿದ್ರೆ ಕೊಲೆಗಾರ ಯಾರು ಅಂತ ಹೇಳಿದ ಹಾಗಾಗ್ತಿತ್ತು. ಅಡಿಲೇಡಲ್ಲಿ ಕೊನೆವರೆಗೂ ಕೂತಿದ್ರೆ ಆವತ್ತೇ ಗೊತ್ತಾಗ್ತಿತ್ತಪ್ಪ, ನೀವೇ ಎದ್ದು ಓಡಿದ್ರಿ.” ರೋವೆನಾ ನಕ್ಕಳು. ಆಮೇಲೆ ನಗು ಇಳಿಯಿತು. “ಆದ್ರೂ ನಲವತ್ತು ಥಿಯೇಟರು. ಇಲ್ಲಿ ನೂರೈವತ್ತು ಜನಕ್ಕೆ ಅರ್ಥ ಆಯ್ತು. ಸಿಡ್ನಿಯೋರು ನಗ್ತಾರೆ.”

ಅದೇ ಮರ್ಲ್, ಗುರುವಾರ ಕತ್ತರಿಸಿ ಬಿಸಾಕು ಎಂದ ಮರ್ಲ್, ಕೈಲಿದ್ದ ಬಟ್ಟಲನ್ನು ಕುಕ್ಕಿ ಕೆಳಗಿಟ್ಟಳು.

“ನಗ್ಲಿ ಬಿಡು. ಅವರಿಗೆ ಎದುರು ಬಂದೋರ ಮುಖ ಗೊತ್ತಿಲ್ಲ, ಅದಕ್ಕೆ ನಗ್ತಾರೆ. ಆ ಬೆರಳಿಗೇನಾದ್ರೂ ಕತ್ತರಿ ಹಾಕಿದ್ಯೋ, ನಿನ್ನನ್ನ ಜನ್ಮದಲ್ಲಿ ನನ್ನ ಬಸ್ ಹತ್ತಿಸಲ್ಲ. ನಡ್ಕೊಂಡೇ ಹೋಗು.”

ಹಿಂದಿನಿಂದ ಕ್ಲಾರಿ ಬಾಯ್ತುಂಬ ಕರಕಲು ಪೇಸ್ಟಿ ತುಂಬಿಕೊಂಡು ಬಂದ. “ಮರ್ಲ್, ಆವತ್ತು ನಾನೂ ಎತ್ತಿದ್ದೆ ಕಣೇ. ಧೂಳಲ್ಲಿ ಕಾಣ್ಲಿಲ್ಲ ಅಷ್ಟೇ. ನನಗೆ ಮರ್ಯಾದೆ ಇಲ್ಲ ಅನ್ಕೊಂಡಾರು ಜನ, ನಾನು ಎತ್ತಿದ್ದನ್ನೂ ಬರೀರಿ ಅಂತ ಆ ಪೇಪರಿನೋರಿಗೆ ಹೇಳು.”

ಸೋಮವಾರ ಬೆಳಗ್ಗೆ ರೋವೆನಾ ಸಿಡ್ನಿಗೆ ಫೋನ್ ಮಾಡಿ ಆಗುವುದಿಲ್ಲ ಎಂದಳು. ಆ ಮನುಷ್ಯ ಮಾತು ಮುಗಿಯುವ ಮೊದಲೇ ಫೋನ್ ಇಟ್ಟನಂತೆ. ನಲವತ್ತರ ಬದಲು ಆರು ಚಿತ್ರಮಂದಿರ ಸಿಕ್ಕವು, ಆರೂ ಹಳ್ಳಿಗಾಡಿನವು, ಅವಳೇ ಗಾಡಿಯಲ್ಲಿ ರೀಲು ಹೊತ್ತು ಒಂದೊಂದಕ್ಕೂ ಹೋಗಬೇಕು. ಮೊದಲ ಊರಿಗೆ ಅವಳು ಹೊರಟದ್ದು ಶಾಲೆಯ ಬಸ್ಸು ಬರುವ ಹೊತ್ತಿಗೇ. ನೇರ ರಸ್ತೆಯಲ್ಲಿ ದೂರದಿಂದಲೇ ಮರ್ಲ್ ಆ ಗಾಡಿಯನ್ನು ಗುರುತಿಸಿದಳು. ಹತ್ತಿರ ಬಂದಂತೆ ರೋವೆನಾಳ ಬೆರಳು ಸ್ಟೀರಿಂಗಿನಿಂದ ಎದ್ದಿತು, ಎಲ್ಲರಿಗೂ ಏಳುವ ಹಾಗೆಯೇ.

ಮರ್ಲ್‌ಳಿಗೆ ಆ ದಿನ ಒಂದು ಬೆರಳು ಸಾಲಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಇಡೀ ಕೈಯನ್ನು ಮೇಲೆತ್ತಿ, ಬಸ್ಸಿನ ತುಂಬ ಇದ್ದ ಮಕ್ಕಳು ಬೆರಗಾಗಿ ನೋಡುತ್ತಿರುವಂತೆ, ಗಾಡಿ ಧೂಳಿನಲ್ಲಿ ಮರೆಯಾಗುವವರೆಗೂ ಬೀಸಿದಳು.