ಹೊರ್ಮುಜಿನ ಅಂಬರ್

ನಮ್ಮ ಅಬ್ದುಲ್ಲ ಹಾಜಿಗೆ ಪೂರ್ವಜರ ಹುಚ್ಚು ಹಿಡಿದದ್ದು ಅರವತ್ತು ದಾಟಿದ ಮೇಲೆ. ಇಲ್ಲಿ ಗಲ್ಫಿನ ಹಮ್ದಾನ್ ಸ್ಟ್ರೀಟಿನಲ್ಲಿ ನಲ್ಲಿ, ಶವರ್, ವಾಶ್ ಬೇಸಿನ್ ಮಾರುವ ಅಂಗಡಿ, ಬನಿಯಾಸ್‌ನಲ್ಲಿ ಗೋಡೌನು, ಊರಿನಲ್ಲಿ ಮಸೀದಿ ಕಮಿಟಿಯ ಅಧ್ಯಕ್ಷಗಿರಿ, ಎಲ್ಲವೂ ಆಗಿತ್ತು. ಇಷ್ಟೆಲ್ಲ ಇದ್ದವರಿಗೆ ಇಲ್ಲದೆ ಇದ್ದದ್ದು ಒಂದು ದೊಡ್ಡ ವಂಶ. ಅದನ್ನು ನಮ್ಮ ಅಕೌಂಟೆಂಟ್ ಶಾಮಸುಂದರ ಒದಗಿಸಿಕೊಟ್ಟರು.

ಶಾಮಸುಂದರ ಮೈಸೂರಿನವರು. ಇತಿಹಾಸದಲ್ಲಿ ಎಂ.ಎ. ಮಾಡಿ ಇಲ್ಲಿ ಬಂದು ಲೆಕ್ಕ ಬರೆಯುವವರು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆಯಿರಿ, ಖರ್ಚು ನನ್ನದು ಎಂದು ಹಾಜಿ ಹೇಳಿದ್ದೇ ತಡ, ಅವರು ಆರುನೂರು ವರ್ಷ ಹಿಂದಿನ ಹೊರ್ಮುಜ್ ಪಟ್ಟಣವನ್ನು ಎಳೆದು ತಂದರು. ಇಲ್ಲಿನ ಸಮುದ್ರದ ಆಚೆ ಬದಿಯ ಉಪ್ಪಿನ ದ್ವೀಪ ಅದು. ಹುಲ್ಲು ಬೆಳೆಯದು, ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು. ಆದರೂ ಲೋಕದ ಹಡಗೆಲ್ಲ ಅಲ್ಲಿಗೇ. ಮುತ್ತು, ರೇಷ್ಮೆ, ಕುದುರೆ. ನಮ್ಮ ಕರಾವಳಿಯಿಂದ ಅಕ್ಕಿ, ಮೆಣಸು. ಬಿಸಿಲು ತಾಗದಂತೆ ಬೀದಿಯ ಮೇಲೆ ಬಟ್ಟೆಯ ಚಪ್ಪರ, ಕಾಲಡಿಗೆ ಚಾಪೆ.

"ಚಾಪೆ ಮೇಲೆ ನಡೆದೋರ ಬಗ್ಗೆ ಬೇಕಾದಷ್ಟು ಬರೆದಿದಾರೆ ಕಣ್ರೀ. ನೀರು ಹೊತ್ತೋರ ಹೆಸರು ಒಂದೂ ನಂಗೆ ಸಿಗಲಿಲ್ಲ," ಎಂದರು ಶಾಮಸುಂದರ.

"ಅಕ್ಕಿ ಕೊಂಡುಹೋದದ್ದು ನಮ್ಮ ಅಜ್ಜಂದಿರೇ ಇರ್ಬೇಕು," ಎಂದರು ಹಾಜಿ.

"ಇರಬಹುದು ಸಾರ್."

ಸಂಬಳ ಕೊಡುವವರ ಅಜ್ಜಂದಿರ ವಿಷಯದಲ್ಲಿ ಯಾರು ತಾನೇ ಇಲ್ಲ ಅನ್ನುತ್ತಾರೆ.

ಹೀಗೆ ನಾಟಕ ಸಿದ್ಧವಾಯಿತು. ಮಂಗಳೂರಿನಿಂದ ಹೋಗಿ ಹೊರ್ಮುಜಿನಲ್ಲಿ ಕುಬೇರನಾದ ಒಬ್ಬ ವರ್ತಕ. ಅವನ ಗುಲಾಮ ಅಂಬರ್, ಆಚೆ ದಡದಿಂದ ದಿನವೂ ನೀರು ತರುವವನು. ಕೊನೆಯ ದೃಶ್ಯದಲ್ಲಿ ವರ್ತಕ ಅಂಬರನ ತಲೆಯ ಮೇಲೆ ಕೈಯಿಟ್ಟು, "ನಿನ್ನನ್ನು ಬಿಟ್ಟೆ. ಇನ್ನು ನಿನ್ನ ದಾರಿ ನಿನ್ನದು," ಎನ್ನುತ್ತಾನೆ. ವರ್ತಕ ಯಾರೆಂದು ಕೇಳುವುದೇ ಬೇಡ. ಅಂಬರ್ ಪಾತ್ರಕ್ಕೆ ಹಾಜಿ ತಾವಾಗಿಯೇ ಆರಿಸಿದ್ದು ಗೋಡೌನಿನ ನಿಯಾಝ್‌ನನ್ನು.

ನಾನು ಜೆಸ್ಸಿ, ಅಂಗಡಿಯ ಕೌಂಟರಿನವಳು. ಮಾತು ಮರೆತವರಿಗೆ ಪರದೆಯ ಹಿಂದಿನಿಂದ ನೆನಪಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನಿಯಾಝ್ ಉಳ್ಳಾಲದ ಹುಡುಗ. ಹೆಂಡತಿ ನಾಫಿಯಾ ಊರಿನಲ್ಲಿ. ಮಗಳು ಅಪ್ಪನನ್ನು ನೋಡಿದ್ದು ಫೋನಿನೊಳಗೆ ಮಾತ್ರ. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿ ಅವನಿಗೆ ಫ್ಯಾಮಿಲಿ ವೀಸಾ ಸಿಗುವಂಥ ಕೆಲಸ ಕೊಡಲು ಒಪ್ಪಿತ್ತು. ಆದರೆ ಅವನ ಪಾಸ್‌ಪೋರ್ಟ್ ಇದ್ದದ್ದು ಹಾಜಿಯ ಡ್ರಾಯರಿನಲ್ಲಿ. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ನಮಗೆಲ್ಲ ಗೊತ್ತು, ಹಾಜಿಗೂ ಗೊತ್ತು. ಹಿಂದೆ ಜಗಳ ಮಾಡಿ ಬಿಟ್ಟುಹೋದ ಶಾನವಾಝ್‌ನ ಮೇಲೆ ಗೋಡೌನಿನ ಮಾಲು ಕದ್ದ ಎಂಬ ದೂರು ಬಿದ್ದಿತ್ತು. ಆಮೇಲೆ ಯಾರೂ ಜಗಳಕ್ಕೆ ಹೋಗಲಿಲ್ಲ. ನಿಯಾಝ್ ಬೇಡಿಕೊಳ್ಳುತ್ತಲೇ ಇದ್ದ. ಹಾಜಿ ಮಗನನ್ನು ಕರೆದ ಹಾಗೆ, "ನೋಡುವ ಮೋನೇ," ಎನ್ನುತ್ತಲೇ ಇದ್ದರು.

ಗುಲಾಮನ ಪಾತ್ರ ಎಂದರೆ ಅವನು ಮುಖ ಸಿಂಡರಿಸುತ್ತಾನೆ ಅಂದುಕೊಂಡಿದ್ದೆ. ಕೊನೆಯ ದೃಶ್ಯ ಓದಿದವನು ಚಾ ಮಾಡುವ ಕೋಣೆಗೆ ಓಡಿಬಂದ.

"ಜೆಸ್ಸಿಯಕ್ಕ, ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದು ನನಗೆ ಈಗ್ಲೂ ನೆನಪುಂಟು. ಕೆಲವು ಮಾತು ತಮಾಷೆಗೆ ಹೇಳಿದ್ರೂ ನಿಜವೇ. ನಿಕಾಹ್, ತಲಾಕ್, ಮತ್ತೆ ಗುಲಾಮನನ್ನು ಬಿಟ್ಟೆ ಅನ್ನುವುದು. ಬಾಯಿಂದ ಬಂದ್ರೆ ಮುಗೀತು."

"ಅದು ನಾಟಕ ಮಾರಾಯ," ಎಂದು ನಾನು ನಕ್ಕೆ.

"ಅಬ್ದುಲ್ಲಾಕ ಮಸೀದಿಯ ಅಧ್ಯಕ್ಷರು. ಅಷ್ಟು ಜನರ ಎದುರು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ ಮೇಲೆ ಹಿಂದೆ ಹೋಗ್ತಾರಾ?"

ಅವನು ನಗಲಿಲ್ಲ. ನನಗೂ ನಗು ನಿಂತಿತು.

ವಿಚಿತ್ರವೆಂದರೆ ರಿಹರ್ಸಲ್‌ನಲ್ಲಿ ಹಾಜಿ ಆ ಮಾತನ್ನು ಒಮ್ಮೆಯೂ ಆಡಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ, "ಅದು ಸ್ಟೇಜಲ್ಲಿ ಹೇಳ್ತೇನೆ. ಖಲಾಸ್," ಎಂದು ಎದ್ದುಬಿಡುತ್ತಿದ್ದರು. ನಾನು ಮರೆವು ಅಂದುಕೊಂಡೆ. ನಿಯಾಝ್‌ಗೆ ಮಾತ್ರ ಅದೇ ದೊಡ್ಡ ಭರವಸೆಯಾಯಿತು. ಮಾತಿನ ತೂಕ ಗೊತ್ತಿರುವುದರಿಂದಲೇ ಸುಮ್ಮನೆ ಆಡುತ್ತಿಲ್ಲ ಎಂದ. ಕೇಳಿ ಕೇಳಿ ನಾನೂ ನಂಬಿದೆ. ಆಸೆ ಅಂಟುರೋಗ.

ನಾಟಕದ ದಿನ ಹಾಲ್ ತುಂಬಿತ್ತು. ಜರಿಯ ನಿಲುವಂಗಿಯಲ್ಲಿ ಹಾಜಿ ನಿಜವಾಗಿಯೂ ಚೆನ್ನಾಗಿ ಕಂಡರು, ಸುಳ್ಳು ಯಾಕೆ ಹೇಳಲಿ. ಕೊನೆಯ ದೃಶ್ಯದಲ್ಲಿ ನಿಯಾಝ್ ನೀರಿನ ಕೊಡ ಇಳಿಸಿ ಮಂಡಿಯೂರಿದ. ಹಾಜಿ ಅವನ ತಲೆಯ ಮೇಲೆ ಕೈಯಿಟ್ಟರು. ಪರದೆಯ ಹಿಂದೆ ನಾನು ಆ ಮಾತಿನ ಮೇಲೆ ಬೆರಳಿಟ್ಟು ನಿಂತಿದ್ದೆ.

"ನಿನ್ನನ್ನು ಬಿಟ್ಟೆ," ಎಂದರು ಹಾಜಿ. ಜನ ಚಪ್ಪಾಳೆ ತಟ್ಟಿದರು. ಆ ಸದ್ದು ರುಚಿಸಿತೋ ಏನೋ, ನಾಟಕದಲ್ಲಿ ಬರೆದಿಲ್ಲದಿದ್ದರೂ ಮತ್ತೆ ಮತ್ತೆ ಹೇಳಿದರು. "ನಿನ್ನನ್ನು ಬಿಟ್ಟೆ. ದೇವರ ಸಾಕ್ಷಿಯಾಗಿ ಬಿಟ್ಟೆ. ಇನ್ನು ನಿನ್ನ ದಾರಿ ನಿನ್ನದು." ನಿಯಾಝ್ ಬಿಕ್ಕಿ ಬಿಕ್ಕಿ ಅತ್ತ. ಎಂಥ ನಟನೆ ಎಂದು ಮುಂದಿನ ಸಾಲಿನವರು ಎದ್ದು ನಿಂತರು. ಅವನು ಒಳಗೆ ಬಂದವನೇ ಬಣ್ಣ ಕೂಡ ತೊಳೆಯದೆ ನಾಫಿಯಾಗೆ ಫೋನ್ ಮಾಡಿದ.

ಮರುದಿನ ಅವನು ಅಂಗಡಿಗೆ ಬಂದದ್ದು ಇಸ್ತ್ರಿ ಹಾಕಿದ ಅಂಗಿಯಲ್ಲಿ, ಕೈಯಲ್ಲಿ ಹಲ್ವದ ಡಬ್ಬಿ. ಅದನ್ನೂ ಫೋನನ್ನೂ ಹಾಜಿಯ ಮೇಜಿನ ಮೇಲಿಟ್ಟ.

"ಅಬ್ದುಲ್ಲಾಕ, ಪಾಸ್‌ಪೋರ್ಟ್ ಕೊಟ್ರೆ ನಾನು ಹೊರಡ್ತೇನೆ."

"ಎಲ್ಲಿಗೆ?"

"ನಿನ್ನೆ ನೀವು ಬಿಟ್ಟೆ ಅಂತ ಹೇಳಿದ್ರಲ್ಲ. ದೇವರ ಸಾಕ್ಷಿಯಾಗಿ."

ಹಾಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಒಳ್ಳೆಯದಿತ್ತು. ನಲ್ಲಿ ನೋಡುತ್ತಿದ್ದ ಗಿರಾಕಿಗಳೂ ತಿರುಗುವಷ್ಟು ಜೋರಾಗಿ, "ಶಾಮಸುಂದರ, ಇಲ್ಲಿ ಬನ್ನಿ," ಎಂದು ಕರೆದರು. "ನಾಟಕ ಬರೆದದ್ದು ನೀವಲ್ವಾ? ನಾನು ಬಿಟ್ಟದ್ದು ಯಾರನ್ನು?"

ಶಾಮಸುಂದರ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಅಂಬರನ್ನ, ಸಾರ್."

"ಅಂಬರ್ ಎಂತ ಆಗಿದ್ದ?"

"ಗುಲಾಮ."

"ಕೇಳಿದ್ಯಲ್ಲ ಮೋನೇ. ಬಿಡುಗಡೆ ಗುಲಾಮನಿಗೆ. ನೀನು ಸಂಬಳ ತಗೊಳ್ಳುವವ. ಕಟ್ಟಿ ಹಾಕದವನನ್ನು ನಾನು ಬಿಡುವುದು ಎಂತ?" ಹಾಜಿ ಡ್ರಾಯರ್ ಎಳೆದರು. ಪಾಸ್‌ಪೋರ್ಟ್ ತೆಗೆದು ಹಲ್ವದ ಡಬ್ಬಿಯ ಪಕ್ಕದಲ್ಲಿ ಇಟ್ಟರು. "ಇಲ್ಲ, ಆ ಮಾತು ನಿನಗೇ ಹೇಳಿದ್ದು ಅಂತ ಆದ್ರೆ, ಹೇಳು. 'ನಾನು ಗುಲಾಮ' ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳು."

ಹೇಳಬೇಡ ಎಂದು ಕೂಗಬೇಕೆನ್ನಿಸಿತು ನನಗೆ. ಕೂಗಲಿಲ್ಲ. ನನ್ನ ಪಾಸ್‌ಪೋರ್ಟೂ ಅದೇ ಡ್ರಾಯರಿನಲ್ಲಿತ್ತು.

ನಿಯಾಝ್ ಗಿರಾಕಿಗಳನ್ನು ನೋಡಿದ, ನಮ್ಮನ್ನು ನೋಡಿದ, ಕೊನೆಗೆ ಆ ನೀಲಿ ಪುಸ್ತಕವನ್ನು ನೋಡಿದ. ಹೆಂಡತಿ ಮಗಳು ಅದರೊಳಗೇ ಕೂತಿದ್ದಾರೇನೋ ಎಂಬಂತಿತ್ತು ಆ ನೋಟ.

"ನಾನು ಗುಲಾಮ," ಎಂದ.

"ಕೇಳ್ಲಿಲ್ಲ."

"ನಾನು ನಿಮ್ಮ ಗುಲಾಮ, ಅಬ್ದುಲ್ಲಾಕ."

ಅವನ ಕೈ ಮೇಜಿನ ಕಡೆ ಚಾಚಿತು. ಅದಕ್ಕಿಂತ ಮೊದಲೇ ಹಾಜಿ ಪಾಸ್‌ಪೋರ್ಟನ್ನು ಎತ್ತಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಗುಲಾಮನಾದ್ರೆ ಯಜಮಾನ ಹೇಳಿದ್ದು ಕೇಳ್ಬೇಕು. ಗೋಡೌನಿಗೆ ಟೈಲ್ಸ್ ಲಾರಿ ಬಂದಿದೆ. ಯಲ್ಲಾ, ಹೋಗು."

ಒಬ್ಬ ಗಿರಾಕಿ ನಕ್ಕ. ನಿಯಾಝ್ ಇಸ್ತ್ರಿಯ ಅಂಗಿಯ ತೋಳು ಮಡಚಿಕೊಳ್ಳುತ್ತ ಹೊರಗೆ ಹೋಗಿ ಪಿಕಪ್ ಹತ್ತಿದ. ಫೋನನ್ನು ಮೇಜಿನ ಮೇಲೆಯೇ ಮರೆತುಹೋಗಿದ್ದ.

ಹಾಜಿ ಹಲ್ವದ ಡಬ್ಬಿ ಬಿಚ್ಚಿ ಎಲ್ಲರ ಮುಂದೆ ಹಿಡಿದರು. ಶಾಮಸುಂದರ ತೆಗೆದುಕೊಂಡರು. ನಾನೂ ತೆಗೆದುಕೊಂಡೆ. ಬಾಯಿಗೆ ಹಾಕಿಕೊಂಡಾಗ ಆ ಫೋನ್ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ನಾಫಿಯಾಳ ಹೆಸರು, ಅವಳ ತೊಡೆಯ ಮೇಲೆ ಮಗು ಕೂತ ಫೋಟೋ.

"ಎತ್ತು ಜೆಸ್ಸಿ," ಎಂದರು ಹಾಜಿ, ಬೆರಳು ನೆಕ್ಕುತ್ತ. "ಅವನು ಕೆಲಸದಲ್ಲಿದ್ದಾನೆ ಅಂತ ಹೇಳು."

ಎತ್ತಿದೆ. ನಾನು ಮಾತಾಡುವ ಮೊದಲೇ ಅವಳು, "ನಮ್ಮ ಟಿಕೆಟ್ ಯಾವತ್ತಿಗೆ?" ಎಂದು ಕೇಳಿದಳು. ನಾನು ಹಲ್ವ ನುಂಗಿಕೊಂಡು, ಹಾಜಿ ಹೇಳಿಕೊಟ್ಟಷ್ಟನ್ನೇ ಹೇಳಿದೆ.